ತಳದ ತೂತು

ಆಟಿ ತಿಂಗಳಲ್ಲಿ ಕಾರ್ಕಳದ ಮನೆಗಳಲ್ಲಿ ಒಣಗಿದ ವಸ್ತು ಎಂಬುದು ಇರುವುದಿಲ್ಲ. ಗೋಡೆ ಬೆವರುತ್ತದೆ, ಉಪ್ಪಿನ ಭರಣಿಯಲ್ಲಿ ನೀರು ಕಟ್ಟುತ್ತದೆ, ಒಗೆದು ಹಾಕಿದ ಪಂಚೆ ಮೂರು ದಿನವಾದರೂ ಹಸಿಯಾಗಿಯೇ ಇರುತ್ತದೆ. ಹಾಗಾಗಿ ಮೀನಿನ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಹಾಸಿದ್ದ ಹಳೆಯ ಪತ್ರಿಕೆ ಕೈಗೆ ತಣ್ಣಗೆ ತಾಗಿದಾಗ ಎರಡು ದಿನ ಅದನ್ನು ಮಳೆಗಾಲದ ತಂಪು ಎಂದೇ ತಿಳಿದೆ. ಮೂರನೆಯ ರಾತ್ರಿ ಕರೆಂಟ್ ಹೋಯಿತು. ಪಂಪಿನ ಸದ್ದು ನಿಂತ ಮೇಲೆ ಕಪಾಟಿನೊಳಗಿಂದ ಟಪ್ ಎಂದು ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಪೈಪು ಹಾಯಿಸಲು ತಳದ ಗಾಜಿನಲ್ಲಿ ಕೊರೆಸಿದ್ದ ತೂತಿಗೆ ಕೂರಿಸಿದ್ದ ಟ್ಯಾಂಕ್ ನಿಪ್ಪಲಿನ ನಟ್ಟಿನ ಅಂಚಿನಲ್ಲಿ ಹನಿಯೊಂದು ತೂಗುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ. ಎಂಟು ಹತ್ತು ಸೆಕೆಂಡಿಗೆ ಒಂದು.

ಮೀನು ಒಂದೂ ಸಾಯಲಿಲ್ಲ. ಹೋದದ್ದು ದಿನಕ್ಕೆ ಅರ್ಧ ಲೀಟರ್ ನೀರು ಅಷ್ಟೆ. ಮನೆಯವರ ಮಟ್ಟಿಗೆ ಸಂಗತಿ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ನಾನು ಜೈನರ ಮನೆಯಲ್ಲಿ ಹುಟ್ಟಿದವನು, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಆ ಹನಿ ಎರಡೂ ಕಡೆಯಿಂದ ನನ್ನನ್ನು ಹಿಡಿದುಕೊಂಡಿತು. ಯಾರೂ ಸಾಯದೆ ಇದ್ದರೂ ಹಿಂಸೆ ನಡೆದಿರಬಹುದೇ?

ಮೊದಲು ಆ ತೂತು ಏಕೆ ಬಂತೆಂದು ಹೇಳಬೇಕು. ಟ್ಯಾಂಕು ನಮ್ಮ ಚಾವಡಿಗೂ ಊಟದ ಕೋಣೆಗೂ ನಡುವೆ ಇದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಂಠದವರೆಗೆ ತುಂಬಿದರೆ 255 ಲೀಟರ್. ಎರಡೂ ಕಡೆಯಿಂದ ಕಾಣಲಿ ಎಂದೇ ಅಲ್ಲಿ ಇಟ್ಟದ್ದು. ಹಾಗೆ ಇಟ್ಟರೆ ಪೈಪು ಮರೆಮಾಡಲು ಹಿಂಬದಿ ಎಂಬುದೇ ಉಳಿಯುವುದಿಲ್ಲ. ಈ ಯೋಚನೆ ನನಗೆ ಬಂದದ್ದು ನಮ್ಮೂರಿನ ಚತುರ್ಮುಖ ಬಸದಿಯಿಂದ ಎಂದರೆ ತಪ್ಪಾಗದು. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಆ ಕಲ್ಲಿನ ಬಸದಿಗೆ ಹಿಂಬದಿಯಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಎಲ್ಲಿಂದ ಒಳಗೆ ಬಂದರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಚಿಕ್ಕಂದಿನಿಂದ ನೋಡಿದ ಆ ಅಚ್ಚುಕಟ್ಟು ಮನಸ್ಸಿನಲ್ಲಿ ಕೂತಿತ್ತು. ಅರನಾಥರ ಲಾಂಛನ ಮೀನು ಎಂಬುದು ಟ್ಯಾಂಕು ಕೂರಿಸುವಾಗ ನನಗೆ ನೆನಪಾಗಲೇ ಇಲ್ಲ.

ಆ ಪೈಪುಗಳು ಕ್ಯಾನಿಸ್ಟರ್ ಫಿಲ್ಟರಿನವು. ಅದು ಮುಚ್ಚಳ ಬಿಗಿದ ಒಂದು ಡಬ್ಬಿ. ಟ್ಯಾಂಕಿನ ಕೆಳಗೆ ಕಪಾಟಿನಲ್ಲಿ ಕೂರುತ್ತದೆ. ಒಂದು ಪೈಪಿನಲ್ಲಿ ನೀರು ಇಳಿದು, ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳನ್ನು ಹಾದು, ಇನ್ನೊಂದರಲ್ಲಿ ಮೇಲೇರುತ್ತದೆ. ಪಂಪು ನೀರನ್ನು ಮೂರು ಅಡಿ ಎತ್ತುತ್ತಿದೆ ಎಂದು ನೋಡಿದವರೆಲ್ಲ ತಿಳಿಯುತ್ತಾರೆ. ಹಾಗಲ್ಲ. ಇಳಿಯುವ ನೀರಿನ ಭಾರ ಏರುವ ನೀರಿನ ಭಾರವನ್ನು ತಕ್ಕಡಿಯ ಎರಡು ತಟ್ಟೆಗಳ ಹಾಗೆ ಸರಿದೂಗಿಸುತ್ತದೆ. ಪೈಪಿನ, ಸ್ಪಂಜಿನ ತಡೆಯನ್ನು ಗೆದ್ದು ನೀರನ್ನು ಸುತ್ತಿಸುವುದಷ್ಟೇ ಪಂಪಿನ ಕೆಲಸ. ಆದ್ದರಿಂದಲೇ ಅಷ್ಟು ಸಣ್ಣ ಮೋಟಾರು ಹಗಲೂ ರಾತ್ರಿ ದುಡಿಯಬಲ್ಲದು.

ರೂಢಿಯ ಕ್ರಮದಲ್ಲಿ ಈ ಎರಡು ಪೈಪುಗಳು ಟ್ಯಾಂಕಿನ ಅಂಚನ್ನು ಹತ್ತಿ ಒಳಗಿಳಿಯುತ್ತವೆ. ನೋಡಲು ಚೆಂದವಲ್ಲ. ಬೇಕಾದವರು ತಳದ ಗಾಜನ್ನೇ ಕೊರೆಸಿ, ಅಲ್ಲಿಂದಲೇ ಪೈಪು ಇಳಿಸುತ್ತಾರೆ. ನಮ್ಮ ಪ್ಲಂಬರ್ ಒಪ್ಪಲಿಲ್ಲ. "ಅಡಿಗೆ ಒಟ್ಟೆ ಮಾಡುವುದು ಯಾಕೆ ಮಾಷ್ಟ್ರೇ? ಮೇಲಿಂದ ಹಾಕಿದರೆ ಆಗುವುದಿಲ್ವಾ?" ಎಂದ. ಆಗುವುದಿಲ್ಲ ಎಂದೆ. ಅವನು ಪೈಪಿನ ಕೆಲಸ ಮಾತ್ರ ಮಾಡಿಕೊಡುತ್ತೇನೆ, ಗಾಜು ಮುಟ್ಟುವುದಿಲ್ಲ ಎಂದ.

ಗಾಜು ಕೊರೆಯುವ ಕೆಲಸ ನಾನು ಅಂದುಕೊಂಡಷ್ಟು ಕಷ್ಟದ್ದಾಗಿರಲಿಲ್ಲ. ಟಫನ್ಡ್ ಗಾಜಾದರೆ ಕೊರೆಯುವ ಮಾತೇ ಇಲ್ಲ, ಬಿಟ್ ತಾಗಿದೊಡನೆ ಇಡೀ ಹಲಗೆ ಪುಡಿಯಾಗುತ್ತದೆ. ನಮ್ಮದು ಸಾದಾ ಗಾಜು, 12 ಮಿಲಿಮೀಟರ್ ದಪ್ಪ. ಗಾಜಿನ ಅಂಗಡಿಯವರು ವಜ್ರದ ಪುಡಿ ಹಚ್ಚಿದ 35 ಮಿಲಿಮೀಟರಿನ ಹೋಲ್ ಸಾ ತಂದರು. ಜೇಡಿಮಣ್ಣಿನಿಂದ ಸುತ್ತ ಸಣ್ಣ ಕಟ್ಟೆ ಕಟ್ಟಿ ಅದರಲ್ಲಿ ನೀರು ನಿಲ್ಲಿಸಿದರು, ಗಾಜಿನ ಇನ್ನೊಂದು ಬದಿಗೆ ಟೇಪು ಅಂಟಿಸಿದರು, ಒತ್ತದೆ, ಯಂತ್ರದ ಭಾರದಲ್ಲೇ ನಿಧಾನವಾಗಿ ಕೊರೆದರು. ತೂತಿನಿಂದ ಗಾಜಿನ ಅಂಚಿಗೆ ಕನಿಷ್ಠ ತೂತಿನಷ್ಟೇ ಅಗಲ ಜಾಗ ಬಿಡಬೇಕು ಎಂದು ಅವರೇ ಗುರುತು ಹಾಕಿಕೊಟ್ಟರು. ಎರಡು ತೂತಿಗೆ ಮುಕ್ಕಾಲು ಗಂಟೆ. ಬಿದ್ದ ಎರಡು ಗಾಜಿನ ಬಿಲ್ಲೆಗಳು ಈಗಲೂ ನನ್ನ ಮೇಜಿನ ಮೇಲೆ ಇವೆ.

ತಪ್ಪಿದ್ದು ನನ್ನ ಕೈಯಲ್ಲಿ. ಟ್ಯಾಂಕ್ ನಿಪ್ಪಲಿನ ರಬ್ಬರ್ ವಾಷರನ್ನು ಒಳಬದಿಯ ಅಗಲ ತಲೆಗೆ ಕೊಟ್ಟು, ನಟ್ಟನ್ನು ಕೈಯಲ್ಲಿ ಬಿಗಿದು, ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ನಾನು ಪಾನಾ ಹಾಕಿ ಇನ್ನೂ ಒಂದು ಸುತ್ತು ತಿರುಗಿಸಿದೆ. ಹೆಚ್ಚು ಬಿಗಿದರೆ ಹೆಚ್ಚು ಭದ್ರ ಎಂಬ ನಂಬಿಕೆ. ಅತಿಯಾಗಿ ಹಿಂಡಿದರೆ ರಬ್ಬರು ಒಂದು ಕಡೆ ಹೊರಕ್ಕೆ ಜಾರುತ್ತದೆ. ಹತ್ತು ದಿನ ಬರೀ ನೀರು ತುಂಬಿಸಿ ಪರೀಕ್ಷೆ ಮಾಡಿದಾಗ ಒಂದು ಹನಿಯೂ ಬರಲಿಲ್ಲ. ಏಳು ತಿಂಗಳ ಮೇಲೆ ಬಂತು.

ಆ ಏಳು ತಿಂಗಳು ಟ್ಯಾಂಕು ಬಹಳ ಚೆನ್ನಾಗಿ ಕಾಣುತ್ತಿತ್ತು. ಒಳಗಿದ್ದದ್ದು ಒಂಬತ್ತು ಡೆನಿಸನ್ ಬಾರ್ಬ್, ಅಂಗಡಿಯವರು ಮಿಸ್ ಕೇರಳ ಎನ್ನುವ ಮೀನು. ಬೆಳ್ಳಿ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಅದರಡಿಯಲ್ಲಿ ಬಾಲದವರೆಗೆ ಕಪ್ಪು ಪಟ್ಟಿ. ಪಶ್ಚಿಮ ಘಟ್ಟದಿಂದ ಇಳಿಯುವ ಹೊಳೆಗಳ ಮೀನಿದು. ಸೆಳವು ಬೇಕು, ಗಾಳಿ ಬೆರೆತ ತಂಪು ನೀರು ಬೇಕು, ಜೊತೆಗೆ ಹಿಂಡು ಬೇಕು. ನಮ್ಮ ಸುಳ್ಯದ ಪಯಸ್ವಿನಿ ಮುಂದೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿಗೆ ಹರಿಯುತ್ತದೆಯಲ್ಲ, ಆ ಹೊಳೆಯಲ್ಲೂ ಇದೆ. ಬಂದವರು ಮೀನು ನೋಡಿ, ನಂತರ ಸುತ್ತ ನೋಡಿ, "ಪೈಪು ಎಲ್ಲಿ ಉಂಟು ಮಾರಾಯ್ರೆ? ನೀರು ಹೇಗೆ ತಿರುಗುತ್ತದೆ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ. ಮೀನಿನ ಬಗ್ಗೆ ಕೇಳಿದ್ದಕ್ಕಿಂತ ಅದು ನನಗೆ ಹೆಚ್ಚು ಸಂತೋಷ ಕೊಡುತ್ತಿತ್ತು. ಇದನ್ನು ನೆನೆದರೆ ಈಗ ನೋವಾಗುತ್ತದೆ.

ಹನಿ ಕಂಡ ರಾತ್ರಿ ಕ್ಯಾಂಡಲ್ ಬೆಳಕಿನಲ್ಲಿ ಕೂತು ಲೆಕ್ಕ ಹಾಕಿದೆ. ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಪಾತ್ರೆಯ ವಿಸ್ತಾರಕ್ಕೆ ತಕ್ಕಂತಲ್ಲ. 42 ಸೆಂಟಿಮೀಟರ್ ನೀರು, 35 ಮಿಲಿಮೀಟರ್ ತೂತು: ಅದರ ಮೇಲೆ ಬೀಳುವ ಭಾರ ಸುಮಾರು 400 ಗ್ರಾಂ. ಇಷ್ಟು ಕಡಿಮೆಯೇ ಎಂದು ಸಮಾಧಾನವಾಯಿತು. ಆಮೇಲೆ ಇನ್ನೊಂದು ಲೆಕ್ಕ. ನಿಪ್ಪಲು ಮುರಿದು ಕಳಚಿ ಬಿದ್ದರೆ ಟಾರಿಚೆಲ್ಲಿಯ ಸೂತ್ರದಂತೆ ಮೊದಲ ಸೆಕೆಂಡಿನಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ನೀರು ಹೊರಡುತ್ತದೆ. ಇಡೀ ಟ್ಯಾಂಕು ಬರಿದಾಗಲು ಸುಮಾರು ಐದು ನಿಮಿಷ. ನಾವು ದೇವರ ದರ್ಶನಕ್ಕೆ ಹೋಗಿ ಬರುವಷ್ಟರಲ್ಲಿ ಒಂಬತ್ತು ಮೀನು ಒಣ ಮರಳಿನ ಮೇಲೆ.

ತಿಳಿದವರು ಇಲ್ಲಿ ಒಂದು ಮಾತು ಹೇಳುತ್ತಾರೆ. ತೂತಿನಿಂದ ಒಳಗೆ ನೆಟ್ಟಗೆ ಒಂದು ಪೈಪು ನಿಲ್ಲಿಸಿ, ನೀರು ಅದರ ಬಾಯಿಯಿಂದ ಮಾತ್ರ ಇಳಿಯುವಂತೆ ಮಾಡಿದರೆ, ಕೆಳಗೆ ಹೋಸು ಕಿತ್ತುಹೋದರೂ ಆ ಬಾಯಿಯ ಮಟ್ಟಕ್ಕೆ ನೀರು ನಿಲ್ಲುತ್ತದೆ. ನಿಜ. ನಾನೂ ಎರಡಕ್ಕೂ ಹಾಗೆ ನಿಲ್ಲಿಸಿದ್ದೆ, ಕೆಳಗೆ ಬಾಲ್ ವಾಲ್ವೂ ಇತ್ತು. ಆದರೆ ಈ ಎಲ್ಲ ರಕ್ಷಣೆ ಇರುವುದು ಹೋಸು ಸೋಲುವ ಸಂದರ್ಭಕ್ಕೆ. ವಾಷರೇ ಸೋತರೆ ನೀರು ಆ ನಿಂತ ಪೈಪಿನ ಬುಡದಿಂದಲೇ ಹೋಗುತ್ತದೆ. ಅಂಚು ಹತ್ತಿ ಇಳಿದ ಪೈಪಿನಲ್ಲಿ ಆ ಜಾಗವೇ ಇಲ್ಲ; ಅದು ಕಳಚಿದರೆ ನೀರು ಪೈಪಿನ ಒಳಬಾಯಿಯ ಜಾಲರಿಯ ಮಟ್ಟದವರೆಗೆ ಮಾತ್ರ ಇಳಿದು ನಿಲ್ಲುತ್ತದೆ, ಜಾಲರಿಯನ್ನು ಎಷ್ಟು ಎತ್ತರದಲ್ಲಿ ಇಡಬೇಕೆಂಬುದು ನಮ್ಮ ಕೈಯಲ್ಲಿದೆ. ತಳ ಕೊರೆದ ಟ್ಯಾಂಕಿನಲ್ಲಿ ಒಂದು ಅಪಾಯ ಮಾತ್ರ ಯಾವ ಉಪಾಯಕ್ಕೂ ಸಿಗದೆ ಉಳಿಯುತ್ತದೆ. ಆ ಉಳಿದ ಪಾಲನ್ನು ಯಾರು ಹೊರುತ್ತಾರೆ ಎಂಬುದೇ ನನ್ನ ಪ್ರಶ್ನೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳಿದೆ. ಪ್ರಾಣಹಾನಿ ಎಂದಷ್ಟೇ ಹೇಳಿ ಬಿಡುವುದಿಲ್ಲ ಅವರು. ಪ್ರಮಾದದಿಂದ ಆದ ಪ್ರಾಣಹಾನಿ ಎನ್ನುತ್ತಾರೆ. ನಮ್ಮ ಆಡುಮಾತಿನಲ್ಲಿ ಪ್ರಮಾದ ಎಂದರೆ ನಡೆದುಹೋದ ಅನಾಹುತ. "ಏನೋ ಪ್ರಮಾದವಾಯಿತು" ಎನ್ನುವುದು ಎಲ್ಲ ಮುಗಿದ ಮೇಲೆ. ಸೂತ್ರದಲ್ಲಿ ಅದು ಮೊದಲೇ ಇರುವ ಸ್ಥಿತಿ. ಕೈ ಏಳುವ ಮುಂಚೆ ಮನಸ್ಸಿನಲ್ಲಿರುವ ಎಚ್ಚರಗೇಡಿತನ. ಒಂದೇ ಪದವನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೇವೆ, ಶಾಸ್ತ್ರ ಆರಂಭಕ್ಕೆ ಇಟ್ಟಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ಎಚ್ಚರದಿಂದ ನಡೆಯುವವನ ಕೈಯಿಂದ ಜೀವ ಹೋದರೂ ಅವನಿಗೆ ಹಿಂಸೆಯ ದೋಷವಿಲ್ಲ. ರಾಗಕ್ಕೆ ವಶನಾಗಿ ಎಚ್ಚರಗೆಟ್ಟವನಿಗೆ ಜೀವ ಸಾಯಲಿ ಸಾಯದಿರಲಿ, ಹಿಂಸೆ ಮುಂದೆಯೇ ಓಡುತ್ತಿರುತ್ತದೆ. ಅಂಥವನು ಮೊದಲು ಗಾಯಗೊಳಿಸುವುದು ತನ್ನ ಆತ್ಮವನ್ನೇ, ಬೇರೆ ಜೀವಿಗೆ ಗಾಯವಾಗುವುದೂ ಆಗದಿರುವುದೂ ಆಮೇಲಿನ ಮಾತು ಎನ್ನುವುದು ಅವರ ವಾದ.

ಕಾಲೇಜಿನ ದಿನಗಳಲ್ಲಿ ಈ ವಾದ ನನಗೆ ಒಪ್ಪಿಗೆಯಾಗಿರಲಿಲ್ಲ. ಪರಿಣಾಮ ನೋಡದೆ ಮನಸ್ಸು ಮಾತ್ರ ನೋಡುವ ನೀತಿ ಪೆಟ್ಟು ತಿಂದವನಿಗೆ ಏನು ಪ್ರಯೋಜನ ಎಂದು ತಂದೆಯವರೊಡನೆ ವಾದಿಸಿದ್ದೆ. ಆ ಹನಿಯ ಎದುರು ಕೂತಾಗ ಅದೇ ವಾದ ಬೇರೆಯಾಗಿ ಕಾಣಿಸಿತು. ಪರಿಣಾಮ ಒಂದನ್ನೇ ನೋಡುವುದಾದರೆ ಏಳು ತಿಂಗಳು ನಾನು ನಿರ್ದೋಷಿ, ವಾಷರು ಪೂರ್ತಿ ಸೋತಿದ್ದರೆ ಎಂಟನೆಯ ತಿಂಗಳ ಒಂದು ರಾತ್ರಿ ದೋಷಿ. ನಡುವೆ ನಾನು ಮಾಡಿದ್ದೇನೂ ಬದಲಾಗಿಲ್ಲ, ಬದಲಾದದ್ದು ರಬ್ಬರು. ನನ್ನ ಪಾಪಪುಣ್ಯವನ್ನು ಒಂದು ರಬ್ಬರಿನ ತುಂಡು ನಿರ್ಧರಿಸುತ್ತದೆ ಎಂದು ಒಪ್ಪಲು ನನ್ನಿಂದಾಗಲಿಲ್ಲ. ಅಮೃತಚಂದ್ರರು ಹೇಳಿದ್ದು ಸರಿ. ದೋಷ ಇದ್ದದ್ದು ಪಾನಾ ಹಿಡಿದ ದಿನ. ಅದಕ್ಕೂ ಹಿಂದೆ, ಆಗುವುದಿಲ್ಲ ಎಂದು ಪ್ಲಂಬರನಿಗೆ ಹೇಳಿದ ದಿನ.

ಇಷ್ಟು ಮಾತಿಗೆ ಬದುಕೆಲ್ಲ ಅಪಾಯವೇ ಅಲ್ಲವೇ ಎಂದು ನನ್ನ ತಮ್ಮ ಕೇಳಿದ. ಮನೆಯ ಮಾಡು ಬೀಳಬಹುದು, ಬಸ್ಸು ಮಗುಚಬಹುದು. ಹೌದು, ಆದರೆ ಆ ಮಾಡಿನ ಕೆಳಗೆ ಮಲಗುವವನು ನಾನೇ. ನೆರಳೂ ನನಗೆ, ಭಯವೂ ನನಗೆ. ಟ್ಯಾಂಕಿನ ವಿಷಯದಲ್ಲಿ ಅಂದ ಪೂರ್ತಿ ನನ್ನ ಪಾಲಿಗೆ, ಅಪಾಯ ಪೂರ್ತಿ ಮೀನುಗಳ ಪಾಲಿಗೆ. ತಳ ಕೊರೆದದ್ದರಿಂದ ಮೀನಿಗೆ ಏನು ಸಿಕ್ಕಿತು ಎಂದು ಕೇಳಿಕೊಂಡೆ. ನೀರು ಅದೇ, ಸೆಳವು ಅದೇ. ಏನೂ ಸಿಗಲಿಲ್ಲ. ಸಮುದ್ರದ ಮೀನು, ಹವಳ ಸಾಕುವವರು ಟ್ಯಾಂಕು ಕೊರೆಸುವುದುಂಟು. ನೀರಿನ ಮೇಲ್ಪದರದ ಜಿಡ್ಡು ತೆಗೆಯಲು, ಕೆಳಗಿನ ದೊಡ್ಡ ತೊಟ್ಟಿಗೆ ನೀರು ಹಾಯಿಸಲು ಅವರಿಗೆ ಅದು ಬೇಕು, ಒಳಗಿನ ಜೀವಿಗಳಿಗೂ ಅದರಿಂದ ಒಳಿತಿದೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ನನ್ನದು ಕಣ್ಣಿಗಾಗಿ ಮಾಡಿದ್ದು.

ಮರುದಿನ ಮೀನುಗಳನ್ನು ನೀರಿನ ದೊಡ್ಡ ಡ್ರಮ್ಮಿಗೆ ಸಾಗಿಸಿದೆವು. ಅವುಗಳೊಡನೆ ಫಿಲ್ಟರನ್ನೂ ಸಾಗಿಸಬೇಕು, ಇದು ಮುಖ್ಯ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಸೆರಾಮಿಕ್ ಉಂಗುರಗಳ ಮೇಲೆ ಮನೆ ಮಾಡಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿ, ಮತ್ತೆ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಆ ಬಳಗ ಕಟ್ಟಿಕೊಳ್ಳಲು ವಾರಗಟ್ಟಲೆ ಬೇಕು. ನೀರಿನ ಓಟ ನಿಂತರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ಅವು ಸಾಯತೊಡಗುತ್ತವೆ. ಸ್ಪಂಜು ತೊಳೆಯುವುದಾದರೂ ಟ್ಯಾಂಕಿನ ಹಳೆಯ ನೀರಿನಲ್ಲೇ ತೊಳೆಯಬೇಕು. ಕ್ಲೋರಿನ್ ಇರುವ ನಲ್ಲಿ ನೀರಿಗೆ ಹಿಡಿದರೆ ಹೋಯಿತು.

ಬಕೆಟಿನಲ್ಲಿ ಸ್ಪಂಜು ಹಿಂಡುವಾಗ ನನಗೆ ಅಜ್ಜಿಯ ನೆನಪಾಯಿತು. ಅವರು ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಮಾಡಿದ ಬಟ್ಟೆಯಲ್ಲಿ ಗಾಳಿಸಿ ಕೊಡಪಾನಕ್ಕೆ ತುಂಬುತ್ತಿದ್ದರು. ಗಾಳಿಸಿದ ನೀರಿಗೆ 48 ನಿಮಿಷ, ಅಂದರೆ ಎರಡು ಗಳಿಗೆ ಮಾತ್ರ ಆಯುಷ್ಯ. ಮತ್ತೆ ಕುಡಿಯಬೇಕಾದರೆ ಮತ್ತೆ ಗಾಳಿಸಬೇಕು. ಇದು ಶುಚಿಗೆ ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಅಜ್ಜಿಯ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಬಟ್ಟೆಯನ್ನು ಮಗುಚಿ, ಗಾಳಿಸಿದ ನೀರನ್ನೇ ಅದರ ಮೇಲೆ ಹೊಯ್ದು, ಅದರಲ್ಲಿ ಸಿಕ್ಕಿದ ಕಣ್ಣಿಗೆ ಕಾಣದ ಜೀವಗಳನ್ನು ಚಿಕ್ಕ ಬಿಂದಿಗೆಗೆ ಇಳಿಸಿಕೊಂಡು, ಅದೇ ಬಾವಿಗೆ ವಾಪಸು ಬಿಡುತ್ತಿದ್ದರು. ಮೇಲಿನಿಂದ ಸುರಿಯುತ್ತಿರಲಿಲ್ಲ. ಬಿದ್ದ ಪೆಟ್ಟಿಗೆ ಅವು ಸತ್ತಾವು ಎಂದು ಹಗ್ಗದಲ್ಲಿ ನೀರಿನ ಮಟ್ಟದವರೆಗೆ ಇಳಿಸಿ ಅಲ್ಲಿ ಓರೆ ಮಾಡುತ್ತಿದ್ದರು. ಬೇರೆ ಬಾವಿಯ ನೀರಾದರೆ ಆ ಬಾವಿಗೇ ಹೋಗಬೇಕು. ಅವರಿಗೆ ಬ್ಯಾಕ್ಟೀರಿಯಾ ಎಂಬ ಪದ ಗೊತ್ತಿರಲಿಲ್ಲ. ಆ ಹಗ್ಗ ಇಳಿಸುವ ಹೊತ್ತಿನಲ್ಲಿ ಅವರನ್ನು ಯಾರೂ ನೋಡುತ್ತಿರಲಿಲ್ಲ, ಅದರಿಂದ ಅವರಿಗೆ ಏನೂ ದಕ್ಕುತ್ತಿರಲಿಲ್ಲ. ಅಪ್ರಮಾದ ಎಂದರೆ ಏನೆಂದು ನಾನು ಕಣ್ಣಾರೆ ಕಂಡದ್ದು ಅಷ್ಟೇ. ಪುಸ್ತಕದಿಂದ ತಿಳಿದದ್ದೆಲ್ಲ ಆಮೇಲಿನದು.

ತಳಕ್ಕೆ ಒಳಗಿನಿಂದ 10 ಮಿಲಿಮೀಟರ್ ಗಾಜಿನ ಎರಡು ಚೌಕ ತುಂಡುಗಳನ್ನು ಸಿಲಿಕೋನ್ ಹಚ್ಚಿ ಕೂರಿಸಿದೆ. ಒಳಗಿನಿಂದ ಕೂರಿಸಿದರೆ ನೀರಿನ ಭಾರವೇ ಅವನ್ನು ಒತ್ತಿ ಹಿಡಿಯುತ್ತದೆ. ಒಂದು ವಾರ ಒಣಗಲು ಬಿಟ್ಟು, ಎರಡು ವಾರ ಬರೀ ನೀರು ನಿಲ್ಲಿಸಿ ನೋಡಿ, ಆಮೇಲೆ ಮೀನು ಬಿಟ್ಟೆ. ಪೈಪುಗಳು ಈಗ ಅಂಚು ಹತ್ತಿ ಇಳಿಯುತ್ತವೆ, ಊಟದ ಕೋಣೆಯ ಕಡೆ. ಜಾಲರಿಯನ್ನು ಅರ್ಧ ಆಳದಲ್ಲಿ ಇಟ್ಟಿದ್ದೇನೆ. ಉಣ್ಣುವಾಗ ಎರಡು ಹಸಿರು ಹೋಸುಗಳು ಎದುರಿಗೇ ಕಾಣುತ್ತವೆ. ನನ್ನ ಹೆಂಡತಿ ಅದಕ್ಕೆ ಪರದೆ ಕಟ್ಟೋಣವೇ ಎಂದು ಕೇಳಿದಳು. ಬೇಡ ಎಂದೆ. ಕಾಣುತ್ತಿರಲಿ. ಚತುರ್ಮುಖ ಬಸದಿಯ ನಾಲ್ಕು ಬಾಗಿಲು ಮುಚ್ಚಿಡಲು ಏನೂ ಇಲ್ಲವೆಂದು ತೆರೆದುಕೊಂಡಿವೆ. ನಾನು ಅದರಿಂದ ಕಲಿತದ್ದು ಮುಚ್ಚಿಡುವುದನ್ನು.

ತೂತು ಮುಚ್ಚಿದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಅದೇ ತತ್ತ್ವಾರ್ಥಸೂತ್ರ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ಲೋಪಗಳನ್ನು, ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಅನ್ನನೀರು ತಡೆಯುವುದು. ಎತ್ತು, ಹಸು ಸಾಕುವವರನ್ನು ಮನಸ್ಸಿನಲ್ಲಿಟ್ಟು ಹೇಳಿದ್ದಿರಬೇಕು. ಕೊನೆಯ ನಾಲ್ಕನ್ನು ನಾನು ಮಾಡುತ್ತಿಲ್ಲ. ಮೊದಲನೆಯದು? ಪೂಜ್ಯಪಾದರು ಆ ಸೂತ್ರಗಳ ಟೀಕೆಯಾದ ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ವಿವರಿಸುವಾಗ ಹಗ್ಗ ಸರಪಳಿಯ ಮಾತಿನಿಂದ ಶುರು ಮಾಡುವುದಿಲ್ಲ. ಒಂದು ಜೀವಿ ಹೋಗಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ ಎನ್ನುತ್ತಾರೆ. ನಾಲ್ಕು ಅಡಿಯ ಗಾಜು ಇದಕ್ಕೆ ಹೊರತಲ್ಲ. ಶೃಂಗೇರಿಯ ತುಂಗೆಯಲ್ಲಿ ಮಠದ ಮೆಟ್ಟಿಲ ಬಳಿ ದೊಡ್ಡ ದೊಡ್ಡ ಮೀನುಗಳು ಬಂದು ನಿಲ್ಲುತ್ತವೆ. ಅವನ್ನು ಯಾರೂ ಹಿಡಿಯುವುದಿಲ್ಲ, ಯಾರೂ ತಡೆದೂ ಇಲ್ಲ. ಹೊಳೆ ಎರಡೂ ಕಡೆ ತೆರೆದಿದೆ. ಮೀನನ್ನು ಕಣ್ತುಂಬ ನೋಡಲು ಹೀಗೊಂದು ದಾರಿ ಇರುವಾಗ ನಾನು ಗಾಜಿನ ದಾರಿ ಹಿಡಿದೆ.

ಇವನ್ನು ಹೊಳೆಗೆ ಬಿಡಬಹುದಲ್ಲ ಎನ್ನುವವರಿಗೆ ಉತ್ತರ ಸುಲಭವಲ್ಲ. ಅಂಗಡಿಯಿಂದ ಬಂದ ಮೀನು ಯಾವ ಹೊಳೆಯದೆಂದು ತಿಳಿಯದು. ತೊಟ್ಟಿಯ ರೋಗವನ್ನು ಹೊಳೆಗೆ ಒಯ್ದರೆ ಅಲ್ಲಿರುವ ಸಾವಿರ ಮೀನಿಗೆ ಅಪಾಯ. ಅಜ್ಜಿ ಬೇರೆ ಬಾವಿಯ ಜೀವವನ್ನು ನಮ್ಮ ಬಾವಿಗೆ ಬಿಡದಿದ್ದದ್ದೂ ಇದೇ ಎಚ್ಚರದಿಂದ. ಡೆನಿಸನ್ ಬಾರ್ಬ್ ಇಂದು ಜಗತ್ತಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ, ಮುಖ್ಯ ಕಾರಣಗಳಲ್ಲಿ ನಮ್ಮಂಥವರ ಟ್ಯಾಂಕಿಗಾಗಿ ಹಿಡಿಯುವುದೂ ಒಂದು. ಕೊಳ್ಳುವಾಗ ಇದನ್ನು ವಿಚಾರಿಸದೆ ಇದ್ದದ್ದೂ ಪ್ರಮಾದವೇ. ಇರುವ ಒಂಬತ್ತನ್ನು ಅವುಗಳ ಆಯುಷ್ಯ ಇರುವಷ್ಟು ಕಾಲ ಚೆನ್ನಾಗಿ ನೋಡಿಕೊಳ್ಳುತ್ತೇನೆ. ಹತ್ತನೆಯದನ್ನು ತರುವುದಿಲ್ಲ. ವಯಸ್ಸಿನಲ್ಲಿ ನಾನು ಮೊದಲು ಹೋದರೆ ಯಾರು ನೋಡಿಕೊಳ್ಳಬೇಕೆಂದೂ ಮನೆಯಲ್ಲಿ ಹೇಳಿ ಇಟ್ಟಿದ್ದೇನೆ.

ನಿಮ್ಮ ಮನೆಯಲ್ಲಿ ತಳ ಕೊರೆದ ಟ್ಯಾಂಕು ಇದ್ದರೆ ಇವತ್ತು ರಾತ್ರಿ ಮಲಗುವ ಮುಂಚೆ ಪಂಪು ಎರಡು ನಿಮಿಷ ನಿಲ್ಲಿಸಿ, ಕಪಾಟಿನ ಬಾಗಿಲು ತೆಗೆದು, ಒಣ ಕಾಗದದ ಚೂರಿನಿಂದ ನಟ್ಟಿನ ಸುತ್ತ ಒಂದು ಸಲ ಒರೆಸಿ ನೋಡಿ. ಮಳೆಗಾಲವಾದರೆ ಕಾಗದ ತಣ್ಣಗಿದೆ ಎಂದಷ್ಟಕ್ಕೆ ಬಿಡಬೇಡಿ, ಬೆಳಕಿಗೆ ಹಿಡಿದು ನೋಡಿ.